ನೀಲಿ ಡಬ್ಬಿಯ ಬದಲಿಗೆ

ನಮ್ಮಕ್ಕ ಇಪ್ಪತ್ತೆರಡು ವರ್ಷ ತಂಬಾಕಿನ ಅಂಗಡಿಯಲ್ಲಿ ನಿಂತವಳು, ಆದರೆ ಒಂದೇ ಒಂದು ದಮ್ಮು ಎಳೆದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಮಾತೆತ್ತಿದ ಕೂಡಲೇ ಜನ "ಓ, ಆ ಪೈಪಿನಂಗಡಿಯವರಾ? ಅವರೂ ಸೇದ್ತಾರಾ?" ಎಂದು ಕೇಳುತ್ತಾರೆ. ಕೇಳಿದವರಿಗೆ ನಾನು ಚೆನ್ನಾಗಿ ಮಂಗಳಾರತಿ ಮಾಡಿ ಕಳಿಸುತ್ತೇನೆ. ನನಗೂ ಹೊಗೆ ಕಂಡರಾಗದು. ಆ ಅಂಗಡಿಗೆ ಹೋಗಿ ಬಂದ ದಿನ ನನ್ನ ಕೋಟು ಹೊರಗಿನ ತಂತಿಯ ಮೇಲೆ ಎರಡು ಗಂಟೆ ನೇತಾಡಿದ ಮೇಲೆಯೇ ಮನೆಯೊಳಗೆ ಬರುವುದು. ಆದರೂ ಅಲ್ಲಿ ಅವಳು ಮಾಡಿದ ಕೆಲಸದ ಸುದ್ದಿ ಬಂದರೆ ನನ್ನ ಧ್ವನಿ ತಾನಾಗಿ ಏರುತ್ತದೆ. ಏರಲಿ. ಒಡಹುಟ್ಟಿದವಳ ಬಗ್ಗೆ ಹೆಮ್ಮೆಪಡಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಅವಳ ಮೂಗು ಹುಟ್ಟಿನಿಂದಲೇ ಹಾಗೆ. ಚಿಕ್ಕವರಿದ್ದಾಗ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತವಳೇ "ದೊಡ್ಡಪ್ಪ ಬಂದು ಹೋಗಿದಾರೆ" ಅನ್ನುತ್ತಿದ್ದಳು. ದೊಡ್ಡಪ್ಪ ಕೂತೆದ್ದು ಹೋಗಿ ಮೂರು ಗಂಟೆ ಆಗಿರುತ್ತಿತ್ತು. ಹಾಲು ಒಡೆಯುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ನಾನು ಕದ್ದು ತಿಂದ ಬಿಸ್ಕತ್ತಿನ ಸಮಾಚಾರವೂ ಅಮ್ಮನಿಗೆ ಆ ಮೂಗಿನ ಮೂಲಕವೇ ತಲುಪುತ್ತಿದ್ದುದರಿಂದ, ಆಗ ನನಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ.

ಮದುವೆಯಾಗಿ ಅವಳು ಸೇರಿದ ಮನೆಯ ಕೆಳಗೇ ಅಂಗಡಿ. ಅಗಲ ಕಡಿಮೆ, ಉದ್ದ ಜಾಸ್ತಿ. ಇಬ್ಬರು ಗಿರಾಕಿಗಳು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಒಂದು ಗೋಡೆಗೆ ಪುಟ್ಟ ಪುಟ್ಟ ಮರದ ಡ್ರಾಯರುಗಳು, ಇನ್ನೊಂದಕ್ಕೆ ಗಾಜಿನ ಜಾಡಿಗಳು. ಕೌಂಟರಿನ ಮೇಲೆ ಹಿತ್ತಾಳೆಯ ತಕ್ಕಡಿ, ಅದರ ಹಿಂದೆ ಅಕ್ಕ. ಬೀದಿಗೆ ಮುಖ ಮಾಡಿದ ಕಿಟಕಿಯ ಹತ್ತಿರ ನಮ್ಮ ಭಾವ, ಮುರಿದ ಪೈಪುಗಳನ್ನು ರಿಪೇರಿ ಮಾಡುತ್ತ. ಭಾವ ಒಳ್ಳೆಯವರು. ಯಾವ ಪ್ರಶ್ನೆ ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುತ್ತಾರೆ, ಅದೊಂದು ಬಿಟ್ಟರೆ ಅವರಲ್ಲಿ ಹೆಸರಿಡುವಂಥದ್ದೇನಿಲ್ಲ.

ಅಂಗಡಿಯ ಜೀವ ಇದ್ದದ್ದು ಮಾತ್ರ ಹಿಂದಿನ ಕೋಣೆಯಲ್ಲಿ, ತಂಬಾಕು ಬೆರೆಸುವ ಕೋಣೆಯಲ್ಲಿ. ಅಲ್ಲಿ ಒಬ್ಬ ಆಳು ಕೈಕಾಲು ಚಾಚಿ ಮಲಗಬಹುದಾದಷ್ಟು ದೊಡ್ಡ ಮೇಜು. ಬೇರೆ ಬೇರೆ ಎಲೆಗಳನ್ನು ಅದರ ಮೇಲೆ ಹರಡಿ, ನೀರು ಚಿಮುಕಿಸಿ, ಕೈಯಿಂದ ಹೊರಳಿಸಿ ಬೆರೆಸುವವರು ಒಬ್ಬರೇ: ಅಕ್ಕನ ಮಾವ. ಅಂಗಡಿಯಲ್ಲಿ, ಬೀದಿಯಲ್ಲಿ, ಎಲ್ಲರೂ ಅವರನ್ನು 'ದೊಡ್ಡವರು' ಎಂದೇ ಕರೆಯುತ್ತಿದ್ದರು. ಹೆಂಗಸರು ಆ ಕೋಣೆಗೆ ಹೋಗುವಂತಿಲ್ಲ ಎಂಬುದು ಅವರ ಅಪ್ಪನ ಕಾಲದ ಕಟ್ಟಳೆ. ಹೆಂಗಸರ ಮೈಯಲ್ಲಿ ಸೋಪು, ಪೌಡರು, ಎಣ್ಣೆಯ ವಾಸನೆ ಇರುತ್ತದಂತೆ, ತಂಬಾಕು ಅದನ್ನು ಹೀರಿಕೊಂಡು ಕೆಡುತ್ತದಂತೆ. ದೊಡ್ಡವರು ಸ್ವತಃ ಗಡ್ಡ ಬೋಳಿಸಿ ಹಚ್ಚಿಕೊಳ್ಳುತ್ತಿದ್ದ ಲೋಷನ್ನಿನ ಘಾಟು ಬೀದಿಯ ತಿರುವಿಗೇ ಬಡಿಯುತ್ತಿತ್ತು ಅನ್ನುವುದು ಬೇರೆ ಮಾತು.

ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ಮದುವೆಯಾದ ಮೊದಲ ವರ್ಷವೇ ಪರಿಮಳದ ಸೋಪು ಬಿಟ್ಟಳು, ಪೌಡರು ಬಿಟ್ಟಳು, ತಲೆಗೆ ಹಚ್ಚುವುದನ್ನು ಬಿಟ್ಟಳು. ಬಟ್ಟೆ ಒಗೆಯುವ ಸಪ್ಪೆ ಸೋಪಿನಲ್ಲಿ ಸ್ನಾನ.

"ಇದೆಲ್ಲ ಯಾಕೆ ಅಕ್ಕ? ನಿನ್ನನ್ನ ಒಳಗೆ ಕರೀತಾರಾ ಅವರು?" ಎಂದು ನಾನು ರೇಗಿದೆ.

"ಯಾವತ್ತಾದ್ರೂ ಕರೆದ್ರೆ ರೆಡಿ ಇರ್ಬೇಕಲ್ಲೇ," ಅಂದಳು.

ಇಪ್ಪತ್ತೊಂದು ವರ್ಷ ಯಾರೂ ಕರೆಯಲಿಲ್ಲ. ಅವಳು ತೂಗುತ್ತಲೇ ಇದ್ದಳು. ದೊಡ್ಡವರು ಬೆರೆಸಿ ತಂದ ತಂಬಾಕನ್ನು ತಕ್ಕಡಿಗೆ ಸುರಿಯುವಾಗ ಒಮ್ಮೆ ಬಗ್ಗಿ ಮೂಸಿ, ಇವತ್ತು ಕಪ್ಪು ಎಲೆ ಒಂದು ಹಿಡಿ ಜಾಸ್ತಿಯಾಗಿದೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಪೊಟ್ಟಣ ಕಟ್ಟುತ್ತಿದ್ದಳು. ಇದು ನನಗೊಬ್ಬಳಿಗೆ ಗೊತ್ತಿತ್ತು.

ಇನ್ನು ನೀಲಿ ಡಬ್ಬಿ. ಅದು ಅಂಗಡಿಯ ಸ್ವಂತ ಸರಕಲ್ಲ, ಕಡಲಾಚೆಯ ಒಂದು ಕಾರ್ಖಾನೆಯದು. ಅಂಗೈಯಗಲದ ಚಪ್ಪಟೆ ತಗಡಿನ ಡಬ್ಬಿ, ಒಳಗೆ ಗಟ್ಟಿಯಾಗಿ ಒತ್ತಿ ತೆಳ್ಳಗೆ ಸೀಳಿದ ಕಪ್ಪು ತಂಬಾಕಿನ ಬಿಲ್ಲೆಗಳು. ಅದನ್ನೇ ಸೇದುವವರು ಮೂವತ್ತು ಜನ ಇದ್ದರು, ಬೇರೇನು ಕೊಟ್ಟರೂ ಮೂಗು ಮುರಿಯುವವರು. ಹಾಗೆ ಬಂದವರೇ ಹೋಗುವಾಗ ಕಡ್ಡಿಪೆಟ್ಟಿಗೆ, ಪೈಪು ಒರೆಸುವ ಬತ್ತಿ, ಮನೆಗೆ ಬಂದ ನೆಂಟರಿಗೆಂದು ದೊಡ್ಡವರು ಬೆರೆಸಿದ ತಂಬಾಕು, ಎಲ್ಲ ಕೊಳ್ಳುತ್ತಿದ್ದರು. ನೀಲಿ ಡಬ್ಬಿ ನಿಂತರೆ ಅವರ ಕಾಲೂ ನಿಲ್ಲುತ್ತದೆ.

ಅದು ನಿಂತಿತು. ಮೊದಲು ತಿಂಗಳಿಗೆ ಮೂರು ಪೆಟ್ಟಿಗೆ ಬರುತ್ತಿದ್ದದ್ದು ಒಂದಾಯಿತು. ಆಮೇಲೆ ಒಂದು ಕಾಗದ ಬಂತು: ತಂಬಾಕು ಒತ್ತುವ ಯಂತ್ರ ಹಳೆಯದು, ಕೆಟ್ಟಿದೆ, ಅದನ್ನು ರಿಪೇರಿ ಮಾಡಬಲ್ಲ ಒಬ್ಬನೇ ಮನುಷ್ಯ ನಿವೃತ್ತನಾಗಿದ್ದಾನೆ, ಇನ್ನು ಮುಂದೆ ಸಿಕ್ಕರೆ ಸಿಕ್ಕಿತು. ಅಂಗಡಿಯಲ್ಲಿ ಒಬ್ಬರಿಗೆ ಒಂದೇ ಡಬ್ಬಿ ಎಂದು ಬೋರ್ಡು ಹಾಕಿದರು. ಬೀದಿಯ ಕೊನೆಯ ವಕೀಲರು ತಮ್ಮ ಪಾಲಿನದು ಕೊಂಡು, ಹತ್ತು ನಿಮಿಷ ಬಿಟ್ಟು ಎಂಬತ್ತೆರಡು ವರ್ಷದ ಅತ್ತೆಯನ್ನು ಕಳಿಸಿದರು. ಆ ಮುದುಕಿ ಕೌಂಟರಿಗೆ ಕೈಯೂರಿ, "ನಂಗೊಂದು ಡಬ್ಬಿ ಕೊಡಮ್ಮಾ, ಇತ್ತೀಚೆಗೆ ಶುರು ಮಾಡ್ಕೊಂಡಿದೀನಿ," ಅಂದರು. ಅಕ್ಕ ನಗು ತಡೆದುಕೊಂಡು ಕೊಟ್ಟಳು. ಹಿಂದೆಯೇ ನಿಂತಿದ್ದ ಕ್ಷೌರದವನು ಅದನ್ನು ಕಂಡು ಕೆಂಡಾಮಂಡಲವಾಗಿ, ಇನ್ನು ಮುಂದೆ ವಕೀಲರ ತಲೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ. ಅವರ ತಲೆಯಲ್ಲಿ ಮುಟ್ಟುವಂಥದ್ದೂ ಹೆಚ್ಚೇನಿರಲಿಲ್ಲ.

ದೊಡ್ಡವರು ಬದಲಿ ಹುಡುಕಲು ಹೊರಟರು. ಅವರ ರೀತಿ ಒಂದೇ: ಡಬ್ಬಿಯ ಹಿಂದೆ ಬರೆದದ್ದನ್ನು ಓದುವುದು. ನೀಲಿ ಡಬ್ಬಿಯಲ್ಲಿ ಇಂಥಿಂಥ ಎಲೆ ಇದೆಯೋ, ಇನ್ನೊಂದು ಕಾರ್ಖಾನೆಯ ಹಸಿರು ಡಬ್ಬಿಯಲ್ಲೂ ಅದೇ ಎಲೆ ಇದೆ, ಹಾಗಾದರೆ ಎರಡೂ ಒಂದೇ. ಹಸಿರು ಡಬ್ಬಿ ಸೇದಿದ ಕ್ಷೌರದವನು "ಚಾಪೆ ಸುಟ್ಟ ಹಾಗಿದೆ" ಅಂದ. ಕೆಂಪು ಡಬ್ಬಿ ಸೇದಿದ ವಕೀಲರು "ಏನ್ರೀ ಇದು, ಜಾಮ್ ಸೇದಿದ ಹಾಗಾಯ್ತು" ಎಂದರು. ಕೊನೆಗೆ ದೊಡ್ಡವರು ತಾವೇ ಕೋಣೆಯಲ್ಲಿ ಕೂತು ಎರಡು ಸಲ ಬೆರೆಸಿದರು. ಅದನ್ನು ನಕ್ಷೆ ಮೇಷ್ಟ್ರಿಗೆ ಕೊಟ್ಟರು.

ನಕ್ಷೆ ಮೇಷ್ಟ್ರು ಅಂದರೆ ಸರ್ವೆ ಆಫೀಸಿನಲ್ಲಿ ಹೊಸಬರಿಗೆ ನಕ್ಷೆ ಬರೆಯಲು ಕಲಿಸಿ ನಿವೃತ್ತರಾದವರು. ನಲವತ್ತೊಂದು ವರ್ಷದಿಂದ ನೀಲಿ ಡಬ್ಬಿ. ಮೂವತ್ತು ಜನರೂ ಅವರ ಮುಖ ನೋಡಿಕೊಂಡು ಮಾತಾಡುವವರು; ಅವರು ಸೈ ಅಂದರೆ ಎಲ್ಲರೂ ಸೈ. ದೊಡ್ಡವರು ಕೊಟ್ಟದ್ದನ್ನು ಅವರು ಅರ್ಧ ಸೇದಿ, ಪೈಪು ಕುಟ್ಟಿ ಬೂದಿ ಉದುರಿಸಿ, ಉಳಿದ ಪೊಟ್ಟಣವನ್ನು ನೀಟಾಗಿ ಮಡಿಸಿ ಕೌಂಟರಿನ ಮೇಲಿಟ್ಟು ಹೋದರು. ಬೈದಿದ್ದರೆ ದೊಡ್ಡವರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ವಾರವೇ ಅವರು ಮನೆಯವರನ್ನೆಲ್ಲ ಕೂರಿಸಿ ಹೇಳಿದರು: "ಸಾಕು, ಕೋಣೆ ಮುಚ್ಚೋಣ. ಇನ್ನು ಲೈಟರ್ ಮಾರೋಣ, ಚಾಕ್ಲೇಟ್ ಮಾರೋಣ. ಎದುರಿನ ಬೇಕರಿಯವನು ಹಿಟ್ಟು ನಾದಕ್ಕೆ ದೊಡ್ಡ ಮೇಜು ಹುಡುಕ್ತಿದಾನೆ, ಕೊಟ್ಬಿಡ್ತೀನಿ."

ಇಪ್ಪತ್ತೊಂದು ವರ್ಷ ಅಕ್ಕ ಕಾದದ್ದು ಆ ಮೇಜಿಗಾಗಿ. ಎದ್ದು ನಿಂತು, "ಮಾವ, ಒಂದ್ಸಲ ನಾನು ನೋಡ್ಲಾ?" ಅಂದಳು.

ದೊಡ್ಡವರು ಅವಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ನೋಡು. ಆರು ತಿಂಗಳು ಕೊಡ್ತೀನಿ. ಕೋಣೆಗೆ ಬರೋ ಹಾಗಿಲ್ಲ, ಮೇಲೆ ಅಡುಗೆಮನೇಲಿ ಮಾಡ್ಕೋ. ನಕ್ಷೆ ಮೇಷ್ಟ್ರು ನೀಲಿ ಡಬ್ಬಿ ಇದೇ ಅಂದ್ರೆ ಕೋಣೆ ಕೀಲಿ ನಿಂದು, ಮೇಜೂ ನಿಂದು. ಇಲ್ಲಾಂದ್ರೆ ಬೇಕರಿಯವನು ಎತ್ಕೊಂಡು ಹೋಗ್ತಾನೆ."

ಅಲ್ಲಿಂದ ಶುರುವಾಯಿತು ನಮ್ಮಕ್ಕನ ತಪಸ್ಸು. ಕಡೆಯದಾಗಿ ಉಳಿದ ನೀಲಿ ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ಬಿಸಿನೀರಿನ ಹಬೆಗೆ ಹಿಡಿದು ಬಿಡಿಸಿದಳು. ಹೊಲಿಗೆಯ ಸೂಜಿಯಿಂದ ಎಳೆ ಎಳೆ ಬೇರೆ ಮಾಡಿ ಬಿಳಿ ತಟ್ಟೆಯ ಮೇಲೆ ಗುಡ್ಡೆ ಹಾಕಿದಳು: ಹಳದಿ ಎಲೆ, ಕಂದು ಎಲೆ, ಬೆಂಕಿಯ ಹೊಗೆಗೆ ಒಣಗಿಸಿದ ಕಪ್ಪು ಎಲೆ. ಒಂದೊಂದನ್ನೂ ತೂಗಿದಳು, ಬರೆದಿಟ್ಟಳು. ಅದೇ ಅಳತೆಯಲ್ಲಿ ಬೆರೆಸಿದಳು. ಆದರೆ ಬೆರೆಸಿದರೆ ಮುಗಿಯುವುದಿಲ್ಲ, ಒತ್ತಬೇಕು, ವಾರಗಟ್ಟಲೆ. ಒತ್ತುವುದು ಯಾವುದರಲ್ಲಿ?

ಅಲ್ಲಿ ನನ್ನ ಪ್ರವೇಶ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ನಮ್ಮಲ್ಲಿ ಪುಸ್ತಕ ಬೈಂಡು ಮಾಡುವ ತಿರುಪಿನ ಪ್ರೆಸ್ಸು ಮೂರಿದ್ದವು, ಮೂಲೆಯದೊಂದು ಯಾರೂ ಮುಟ್ಟದೆ ಬಿದ್ದಿತ್ತು. ಬೈಂಡರನಿಗೆ ಎರಡು ಸಿನಿಮಾ ಟಿಕೀಟು ಕೊಟ್ಟು ಒಪ್ಪಿಸಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ತಂಬಾಕಿನ ಇಟ್ಟಿಗೆಗಳು ಎರಡು ಮೂರು ಒಟ್ಟಿಗೆ ಹಲಗೆಗಳ ನಡುವೆ ಕೂತವು, ನಾನು ದಿನಾ ಊಟದ ಬಿಡುವಿನಲ್ಲಿ ಹೋಗಿ ಅರ್ಧ ಸುತ್ತು ತಿರುಪು ಬಿಗಿಮಾಡುತ್ತಿದ್ದೆ. ಪಕ್ಕದಲ್ಲೇ ಒಣಗಲು ಇಟ್ಟಿದ್ದ ಆರನೇ ತರಗತಿಯ ಗಣಿತ ಪುಸ್ತಕಗಳಿಗೆಲ್ಲ ಆ ವಾಸನೆ ಹತ್ತಿ, ನಿಮ್ಮ ಸಿಬ್ಬಂದಿ ಪುಸ್ತಕಗಳ ಮೇಲೆ ಕೂತು ಸೇದುತ್ತಾರೆಯೇ ಎಂದು ಒಬ್ಬ ಹೆಡ್‌ಮಾಸ್ಟರರು ಕಾಗದ ಬರೆದರು. ಮ್ಯಾನೇಜರರು ಎಲ್ಲರ ಬಾಯಿ ಮೂಸಿ ನೋಡಿದರು. ಮೂಲೆಯ ಪ್ರೆಸ್ಸನ್ನು ಮಾತ್ರ ನೋಡಲಿಲ್ಲ.

ರುಚಿ ನೋಡುವ ಕೆಲಸ ಭಾವನದು. ಒಂದನೇ ನಮೂನೆಗೆ "ಪರವಾಗಿಲ್ಲ" ಅಂದರು. ನಾಲ್ಕನೆಯದಕ್ಕೂ "ಪರವಾಗಿಲ್ಲ". ಆರನೆಯದು ಅವರಿಗೆ ಕೆಮ್ಮು ಬರಿಸಿ ಕಣ್ಣಲ್ಲಿ ನೀರು ತರಿಸಿತು, ಅದಕ್ಕೂ ಕೆಮ್ಮುತ್ತಲೇ "ಪರವಾಗಿಲ್ಲ ಬಿಡು" ಅಂದರು. ಅಕ್ಕ ಅವರ ಮಾತಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಹೊಗೆಯನ್ನೇ ಮೂಸಿ ಬರೆದುಕೊಳ್ಳತೊಡಗಿದಳು. ನಾಲ್ಕು ತಿಂಗಳು ಹೀಗೆ. ಒಂಬತ್ತನೆಯ ನಮೂನೆ ಬಂದಾಗ ಮೊದಲ ಸಲ ಅವಳ ಹುಬ್ಬುಗಳು ಸಡಿಲವಾದವು.

ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿದೆ. ಮೇಷ್ಟ್ರು ಬಂದರು, ಕೋಟಿನ ಜೇಬಿನಿಂದ ತಮ್ಮ ಪೈಪು ತೆಗೆದರು. ಮೂವತ್ತೆಂಟು ವರ್ಷದ ಪೈಪು, ಅವರ ಹೆಂಡತಿ ಕೊಡಿಸಿದ್ದಂತೆ. ಒಂಬತ್ತನೆಯ ನಮೂನೆಯನ್ನು ಬೆರಳಿನಿಂದ ಪುಡಿಮಾಡಿ ತುಂಬಿ ಕಡ್ಡಿ ಗೀರಿದರು. ದೊಡ್ಡವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೇಷ್ಟ್ರು ನಾಲ್ಕು ಸಲ ಎಳೆದರು, ಕಣ್ಣು ಮುಚ್ಚಿದರು, ತೆರೆದಾಗ ಕಣ್ಣು ಒದ್ದೆ.

"ಇದೇ," ಅಂದರು. "ಇದೇ ಕಣ್ರೀ. ನೀಲಿ ಡಬ್ಬಿ!"

ಅಂಗಡಿಯಲ್ಲಿ ಗುಲ್ಲೋ ಗುಲ್ಲು. ದೊಡ್ಡವರು ಎದ್ದು ಸೊಂಟದ ಕೀಲಿ ಬಿಚ್ಚಿ ಅಕ್ಕನ ಅಂಗೈಯಲ್ಲಿಟ್ಟರು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅಚ್ಚುಕೂಟಕ್ಕೆ ಓಡಿಹೋಗಿ ಅವತ್ತೇ ಐನೂರು ಲೇಬಲ್ಲು ಅಚ್ಚು ಹಾಕಿಸಿದೆ: 'ನೀಲಿ ಡಬ್ಬಿಯದೇ ರುಚಿ, ನಮ್ಮಲ್ಲೇ ತಯಾರು.' ಕರಡು ನಾನೇ ತಿದ್ದಿದೆ, ತಪ್ಪು ಒಂದೂ ಇರಲಿಲ್ಲ.

ತಪ್ಪು ಇದ್ದದ್ದು ಬೇರೆ ಕಡೆ. ಮೂರನೆಯ ದಿನ ಭಾವ ಕಿಟಕಿಯ ಬಳಿ ಕೂತು ವಕೀಲರ ಪೈಪು ಕೆರೆಯುತ್ತಿದ್ದರು. ವರ್ಷಾನುಗಟ್ಟಲೆ ಸೇದಿದ ಪೈಪಿನ ಬಟ್ಟಲಿನೊಳಗೆ ಕರಿ ಕಟ್ಟಿ ದಪ್ಪ ಪದರ ಆಗುತ್ತದೆ, ಆಗಾಗ ಅದನ್ನು ಕೆರೆದು ತೆಳುಮಾಡಬೇಕು. ಕೆರೆದ ಕರಿಯ ಪುಡಿ ಹಳೇ ಪೇಪರಿನ ಮೇಲೆ ಬೀಳುತ್ತಿತ್ತು. ಅಕ್ಕ ಅದನ್ನು ಎತ್ತಿ ಎಸೆಯಲು ಹೋದವಳು ಬಗ್ಗಿ ಮೂಸಿ, ಅಲ್ಲೇ ನಿಂತುಬಿಟ್ಟಳು. ಪುಡಿಯಲ್ಲಿ ನೀಲಿ ಡಬ್ಬಿ ಇತ್ತು. ಇಡಿಯಾಗಿ, ಅಚ್ಚುಕಟ್ಟಾಗಿ, ಮೊದಲಿನಿಂದ ಕೊನೆಯವರೆಗೆ.

ಕೆಳಗಿನ ಜಾಡಿಯಿಂದ ಯಾರೂ ಕೊಳ್ಳದ ಸಾದಾ ತಂಬಾಕು ಒಂದು ಚಿಟಿಕೆ ತಂದು, ವಕೀಲರ ಇನ್ನೊಂದು ಪೈಪಿಗೆ, ಇನ್ನೂ ಕೆರೆಯದೆ ಇದ್ದದ್ದಕ್ಕೆ, ತುಂಬಿದಳು. "ಕಣ್ಣು ಮುಚ್ಕೊಂಡು ಸೇದಿ," ಅಂದಳು ಭಾವನಿಗೆ.

ಭಾವ ಸೇದಿದರು. "ಅರೆ! ನೀಲಿ ಡಬ್ಬಿ ಎಲ್ಲಿ ಸಿಕ್ತು?"

ಜನ್ಮದಲ್ಲಿ ಮೊದಲ ಬಾರಿ ಅವರು 'ಪರವಾಗಿಲ್ಲ' ಬಿಟ್ಟು ಬೇರೆ ಮಾತಾಡಿದ್ದರು, ಅದೂ ಎಂಥ ಹೊತ್ತಿನಲ್ಲಿ! ಅರ್ಥವಾಯಿತಲ್ಲ? ಮೇಷ್ಟ್ರು ತಮ್ಮ ಹಳೆಯ ಪೈಪಿನಲ್ಲಿ ಸೇದಿದ್ದರು. ಮೂವತ್ತೆಂಟು ವರ್ಷದ ನೀಲಿ ಡಬ್ಬಿ ಆ ಬಟ್ಟಲಿನ ಗೋಡೆಯಲ್ಲಿ ಕೂತಿತ್ತು. ಅದರಲ್ಲಿ ಸುಮಾರಾದದ್ದು ಏನು ತುಂಬಿದ್ದರೂ ಮೊದಲ ಐದಾರು ಸಲ ಎಳೆದಾಗ ನೀಲಿ ಡಬ್ಬಿಯದೇ ರುಚಿ ಬರುತ್ತಿತ್ತು. ಹಸಿರು, ಕೆಂಪು ಡಬ್ಬಿಗಳೂ ದೊಡ್ಡವರ ಬೆರಕೆಯೂ ಅದನ್ನೂ ಮೀರಿ ಕೆಟ್ಟಿದ್ದವು, ಅಷ್ಟೇ. ಪೈಪಿನ ನಡುವೆಯೇ ಬಾಳಿದ ದೊಡ್ಡವರು, ಭಾವ, ಅಕ್ಕ ಮೂವರೂ ಎದುರಿಗೇ ಇದ್ದರೂ ಒಬ್ಬರಿಗೂ ಹೊಳೆಯಲಿಲ್ಲ. ಹಳೆ ಗಿರಾಕಿಗೆ ಅವನ ಪೈಪೇ ಚೆಂದ ಎಂಬುದು ಅವರಿಗೆ ಎಷ್ಟು ರೂಢಿಯೆಂದರೆ, ಬೇರೆ ಪೈಪು ಕೊಡಬೇಕೆಂದು ಯಾರ ತಲೆಗೂ ಬರಲಿಲ್ಲ.

"ಸುಮ್ನಿರು," ಅಂದರು ಭಾವ. "ಹಳೇ ಕರಿ ನಿಧಾನಕ್ಕೆ ಹೋಗುತ್ತೆ, ಹೊಸದು ನಿಧಾನಕ್ಕೆ ಕೂರುತ್ತೆ. ಅವರಿಗೆ ಗೊತ್ತೇ ಆಗಲ್ಲ."

ನಾನೂ ಅವರ ಪಕ್ಷವೇ ವಹಿಸಿದೆ. ಸುಳ್ಳು ಯಾಕೆ ಹೇಳಲಿ? ಕೀಲಿ ಕೈಗೆ ಬಂದಿದೆ, ಲೇಬಲ್ಲು ಅಚ್ಚಾಗಿದೆ, ಮೇಷ್ಟ್ರು ಖುಷಿಯಾಗಿದ್ದಾರೆ. ಇನ್ನೇನು ಬೇಕು ಎಂದು ಜೋರು ಮಾಡಿದೆ.

"ಮೇಷ್ಟ್ರು ನನ್ನ ನಂಬಿ ಇದೇ ಅಂದ್ರು ಕಣೇ," ಅಂದಳು ಅಕ್ಕ. "ಅದಲ್ಲ ಅಂತ ಗೊತ್ತಿದ್ದೂ ಆ ಮೇಜಿನ ಮುಂದೆ ಹೇಗೆ ನಿಂತ್ಕೊಳ್ಳಲಿ?"

ಅದೇ ಗಳಿಗೆ ಎದ್ದು ಹೋಗಿ ದೊಡ್ಡವರ ಮುಂದೆ ಕೀಲಿ ಇಟ್ಟಳು, ನಡೆದದ್ದೆಲ್ಲ ಹೇಳಿದಳು. ದೊಡ್ಡವರ ಮುಖ ಕೆಂಪೇರಿತು. ಐವತ್ತು ವರ್ಷ ತಂಬಾಕು ಬೆರೆಸಿದವರು, ತಮ್ಮ ಕಣ್ಣೆದುರೇ ಆದ ತಪ್ಪು. ಕೀಲಿ ಎತ್ತಿಕೊಂಡರು, ಎರಡು ದಿನ ಅಂಗಡಿಗೆ ಇಳಿಯಲಿಲ್ಲ. ಗಡುವಿಗೆ ಇನ್ನೆರಡು ತಿಂಗಳಿತ್ತು. ನನಗೆ ಅಕ್ಕನ ಮೇಲೆ ಎಂಥ ಕೋಪ ಬಂದಿತ್ತೆಂದರೆ, ಐನೂರು ಲೇಬಲ್ಲನ್ನೂ ಅವಳ ಕಣ್ಣೆದುರೇ ಹರಿದೆ. ಹರಿಯುತ್ತ ಹರಿಯುತ್ತ ನಡುವೆ ಎಲ್ಲೋ ಕೋಪ ಹೋಯಿತು. ಇಪ್ಪತ್ತೊಂದು ವರ್ಷ ಕಾದು ಸಿಕ್ಕಿದ್ದನ್ನು ಮೂರೇ ದಿನಕ್ಕೆ ತಾನಾಗಿ ವಾಪಸು ಕೊಡಲು ನನ್ನಿಂದಂತೂ ಆಗುತ್ತಿರಲಿಲ್ಲ.

ಮೇಷ್ಟ್ರಿಗೂ ಹೇಳಬೇಕಲ್ಲ, ಅವರ ಮನೆಗೆ ಹೊರಟಳು. ಜೊತೆಗೆ ನಾನೂ ಹೋದೆ. ಎರಡು ಕೋಣೆಯ ಮನೆ, ಮುಂದಿನ ಕೋಣೆಯ ಗೋಡೆ ತುಂಬ ನಕ್ಷೆ. ಒಳಕೋಣೆಯ ಬಾಗಿಲು ಅರ್ಧ ತೆಗೆದಿತ್ತು, ಅವರ ಹೆಂಡತಿ ಅಲ್ಲಿ ಕೂತು ಕಾಲುಚೀಲ ಹೊಲಿಯುತ್ತಿದ್ದರು. ಅಕ್ಕ ಹೇಳಿ ಮುಗಿಸುವುದರೊಳಗೆ ಮೇಷ್ಟ್ರ ಮುಖ ಸಣ್ಣದಾಯಿತು.

"ಅಂದ್ರೆ ನನ್ನ ನಾಲಿಗೆಗೆ ಏನೂ ಗೊತ್ತಾಗಲ್ಲ ಅಂತೀಯಾ?"

ಒಳಗಿನಿಂದ ಧ್ವನಿ ಬಂತು. "ಅವರ ನಾಲಿಗೆ ಯಾವತ್ತೋ ಹೋಗಿದೆ ಬಿಡಮ್ಮ, ಸಾರಿಗೆ ಉಪ್ಪು ಹಾಕದಿದ್ರೂ ಗೊತ್ತಾಗಲ್ಲ. ಅವತ್ತು ಅಂಗಡಿಯಿಂದ ಬಂದಾಗಲೇ ಅಂದ್ಕೊಂಡೆ, ಕೋಟು ಕೊಡವಿದ್ರೆ ವಾಸನೆ ಬೇರೆ ಇದೆಯಲ್ಲಾ ಅಂತ."

ಅಕ್ಕ ತಟ್ಟನೆ ಎದ್ದು ಬಾಗಿಲಿಗೆ ಹೋದಳು. "ಏನು ಬೇರೆ ಅಮ್ಮಾ?"

"ಅದು ಕೊನೆಗೆ ಹಳೇ ಮರದ ಪೆಟ್ಟಿಗೆ ತೆಗೆದ ಹಾಗಿರ್ತಿತ್ತು. ಇದು ಕೊನೇವರೆಗೂ ಸಿಹಿ ಸಿಹಿ."

ನಮ್ಮಕ್ಕನ ಮುಖ ನೋಡಬೇಕಿತ್ತು. ಸೇದುವವನಿಗೆ ತನ್ನ ಹೊಗೆಯ ವಾಸನೆ ಗೊತ್ತಾಗುವುದು ಯಾವತ್ತೋ ನಿಂತಿರುತ್ತದೆ. ನಲವತ್ತೊಂದು ವರ್ಷ ಪಕ್ಕದ ಕೋಣೆಯಲ್ಲಿ ಕೂತು, ಪರದೆ ಒಗೆದು, ಕೋಟು ಕೊಡವಿ, ಬೇಕೋ ಬೇಡವೋ ಆ ಹೊಗೆ ಕುಡಿದವರು ಇವರು. ನೀಲಿ ಡಬ್ಬಿಯ ನಿಜವಾದ ಪಂಡಿತರು ಮೂವತ್ತು ಗಿರಾಕಿಗಳಲ್ಲ, ಅವರ ಹೆಂಡಿರು. ಅವರನ್ನು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಮುಂದಿನ ಎರಡು ತಿಂಗಳು ಪರೀಕ್ಷೆ ಅವರ ಮನೆಯಲ್ಲೇ. ಅಕ್ಕ ಬಿಳಿ ಜೇಡಿಮಣ್ಣಿನ ಹೊಸ ಪೈಪುಗಳನ್ನು ತರಿಸಿದಳು, ಒಂದು ನಮೂನೆಗೆ ಒಂದು ಪೈಪು. ಮೇಷ್ಟ್ರು ಮುಂದಿನ ಕೋಣೆಯಲ್ಲಿ ಸೇದುತ್ತಿದ್ದರು, ಹೆಂಡತಿ ಒಳಗಿನಿಂದ ತೀರ್ಪು ಕೊಡುತ್ತಿದ್ದರು. "ಇದು ಪಕ್ಕದ ಮನೆಯವರದ್ದು." "ಇದಕ್ಕೆ ಕಿಟಕಿ ತೆಗೀಬೇಕು." "ಇದು ಶುರು ಚೆನ್ನಾಗಿದೆ, ಆಮೇಲೆ ಸುಳ್ಳು ಹೇಳುತ್ತೆ." ಅಕ್ಕ ಕಪ್ಪು ಎಲೆಯ ಅಳತೆ ಬದಲಿಸಿದಳು. ಒತ್ತಿದ ಇಟ್ಟಿಗೆಯನ್ನು ಡಬ್ಬಿಯಲ್ಲಿ ಮುಚ್ಚಿ ನಮ್ಮ ಅಚ್ಚುಕೂಟದ ತಗಡಿನ ಮಾಡಿನ ಕೆಳಗೆ ಕಾವಿಗೆ ಇಟ್ಟಳು. ಹಡಗಿನಲ್ಲಿ ಬರುವಾಗ ನೀಲಿ ಡಬ್ಬಿಯೂ ತಿಂಗಳುಗಟ್ಟಲೆ ಬೇಯುತ್ತಿತ್ತಲ್ಲ ಎಂಬುದು ಅವಳ ತರ್ಕ. ಹದಿನಾರನೆಯ ನಮೂನೆಗೆ ಮರದ ಪೆಟ್ಟಿಗೆ ಸ್ವಲ್ಪ ತೆರೆಯಿತು. ಹದಿನೇಳನೆಯದಕ್ಕೆ ಒಳಗೆ ಹೊಲಿಗೆ ನಿಂತಿತು.

ಮೇಷ್ಟ್ರ ಹೆಂಡತಿಯೇ ಎದ್ದು ಬಾಗಿಲಿಗೆ ಬಂದರು. "ಅದಲ್ಲ ಕಣಮ್ಮಾ," ಅಂದರು. "ಆದ್ರೆ ಇದು ಮನೇಲಿದ್ರೆ ನಂಗೇನೂ ಬೇಜಾರಿಲ್ಲ. ಇರ್ಲಿ ಅನ್ಸುತ್ತೆ."

ಅಷ್ಟರಲ್ಲಿ ಅಕ್ಕನಿಗೂ ಗೊತ್ತಾಗಿತ್ತು, ಇದು ನೀಲಿ ಡಬ್ಬಿಯಾಗುವುದಿಲ್ಲ ಎಂದು. ಆ ಹೊಲದ ಎಲೆ ಬೇರೆ, ಆ ಯಂತ್ರ ಬೇರೆ. ಹದಿನೆಂಟನೆಯದಕ್ಕೆ ಕೈ ಹಾಕಲಿಲ್ಲ. ಗಡುವಿಗೆ ಮೂರು ದಿನ ಉಳಿದಿತ್ತು. ಆ ಮೂರು ದಿನ ಅವಳು ಎಂದಿನಂತೆ ತಂಬಾಕು ತೂಗಿದಳು, ನಾನು ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತೆ.

ಕಡೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಬೇಕರಿಯವನು ಕೈಗಾಡಿ ತಂದು ನಿಲ್ಲಿಸಿದ್ದ, ಜೊತೆಗೆ ಹಗ್ಗ, ಇಬ್ಬರು ಆಳು. ವಕೀಲರು, ಕ್ಷೌರದವನು, ಇನ್ನೂ ಹತ್ತಾರು ಜನ ಒಳಗೆ ಒತ್ತಿಕೊಂಡು ನಿಂತರು. ಮೇಷ್ಟ್ರು ಬಂದರು. ಅಕ್ಕ ಹೊಸ ಮಣ್ಣಿನ ಪೈಪು ಕೊಟ್ಟಳು, ಹದಿನೇಳನೆಯ ನಮೂನೆ ತುಂಬಿಕೊಟ್ಟಳು. ಅವರು ಈ ಸಲ ಅವಸರ ಮಾಡಲಿಲ್ಲ. ಪೂರ್ತಿ ಪೈಪು ತಳ ಮುಟ್ಟುವವರೆಗೆ ಸೇದಿದರು. ಅರ್ಧ ಗಂಟೆ ಆ ಇಕ್ಕಟ್ಟಿನಲ್ಲಿ ಯಾರೂ ಅಲುಗಾಡಲಿಲ್ಲ.

"ಅದಲ್ಲ," ಅಂದರು ಮೇಷ್ಟ್ರು.

ಬೇಕರಿಯವನು ತೋಳು ಮಡಿಸಿಕೊಂಡ.

"ಅದು ಇನ್ನು ಸಿಗಲ್ಲ, ಬಿಡಿ. ಇದು ಬೇರೆ." ಮೇಷ್ಟ್ರು ಪೈಪಿನ ತಳ ನೋಡಿಕೊಂಡರು. "ಇದ್ರಲ್ಲಿ ಇನ್ನೊಂದು ಪೈಪು ತುಂಬಿಕೊಡಮ್ಮಾ. ಮನೆಗೂ ಒಂದು ದೊಡ್ಡ ಪೊಟ್ಟಣ ಕಟ್ಟು."

ವಕೀಲರು ಕೈ ಮುಂದೆ ಚಾಚಿದರು, ಅವರ ಮೊಣಕೈ ತಳ್ಳಿ ಕ್ಷೌರದವನೂ ಚಾಚಿದ. ಆದರೆ ನಮ್ಮಕ್ಕ ಪೊಟ್ಟಣ ಕಟ್ಟಲಿಲ್ಲ. ದೊಡ್ಡವರ ಕಡೆ ತಿರುಗಿ, "ಮಾವ, ಇದೇ ಅಂದ್ರೆ ಅಂತ ಮಾತಾಗಿತ್ತು. ಅವರು ಅದಲ್ಲ ಅಂದ್ರು," ಎಂದಳು. ಹಾಗೆಂದವಳೇ ದಾರಿಗೆ ಅಡ್ಡವಿದ್ದ ಎರಡು ಜಾಡಿಗಳನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು, ಹಿಂದಿನ ಕೋಣೆಗೆ ಹೋಗಲು ಬೇಕರಿಯವನಿಗೆ ಜಾಗ ಮಾಡಿಕೊಟ್ಟಳು. ನನಗೆ ಆ ಜಾಡಿಗಳನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು.

ಬೇಕರಿಯವನು ಕೋಣೆಯ ಬಾಗಿಲವರೆಗೆ ಹೋದ. ಬೀಗ ಹಾಕಿತ್ತು. "ದೊಡ್ಡವರೇ, ಎತ್ತೋದಾ?"

ದೊಡ್ಡವರು ಕುರ್ಚಿಯಿಂದ ಎದ್ದರು. ಸೊಂಟದಿಂದ ಕೀಲಿ ಬಿಚ್ಚಿದರು. ಕೀಲಿಯನ್ನು ತಂದು ಅಕ್ಕನ ಮುಂದೆ ಇಟ್ಟರು.

"ನನ್ನನ್ನ ಯಾಕಪ್ಪ ಕೇಳ್ತೀಯ?" ಎಂದರು ಬೇಕರಿಯವನಿಗೆ. "ಮೇಜಿನ ಯಜಮಾನಿ ಇಲ್ಲಿದಾಳೆ. ಅವಳನ್ನ ಕೇಳು."

ಬೇಕರಿಯವನು ಅಕ್ಕನನ್ನು ನೋಡಿದ. ವಕೀಲರು ನೋಡಿದರು, ಕ್ಷೌರದವನು ನೋಡಿದ, ಕಿಟಕಿಯ ಬಳಿಯಿಂದ ಭಾವ ಎದ್ದು ನಿಂತು ನೋಡಿದರು. ಇಪ್ಪತ್ತೊಂದು ವರ್ಷದಲ್ಲಿ ಆ ಅಂಗಡಿಯಲ್ಲಿ ಯಾವುದನ್ನಾದರೂ ಕೊಡುವುದೋ ಬಿಡುವುದೋ ಎಂದು ಯಾರೂ ಅವಳನ್ನು ಕೇಳಿರಲಿಲ್ಲ.

"ಏನಮ್ಮಾ, ಕೊಡ್ತೀರಾ?"

ಅಕ್ಕ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇಲ್ಲ," ಅಂದಳು. "ಕೊಡಲ್ಲ."